ಇಳಿಯುವ ವೇಳೆಯಿಂದ ಹತ್ತುವ ಲೆಕ್ಕ

ಭೋರ್ ಎಂದೊಡನೆ ನಮ್ಮವರಲ್ಲಿ ಅರ್ಧಕ್ಕರ್ಧ ಮಂದಿ ಖಂಡಾಳದ ರೈಲು ಸುರಂಗಗಳನ್ನು ನೆನೆಯುತ್ತಾರೆ. ಅದು ಭೋರ್ ಘಾಟು. 1863ರಲ್ಲಿ ರೈಲು ಹತ್ತಿದ ಘಾಟು. ಭೋರ್ ಊರು ಬೇರೆ, ದಿಕ್ಕೂ ಬೇರೆ. ಪುಣೆಯಿಂದ ಸಾತಾರೆಯ ಹೆದ್ದಾರಿ ಹಿಡಿದು ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ, ಒಟ್ಟು ಸುಮಾರು 50 ಕಿಲೋಮೀಟರಿಗೆ ನೀರಾ ನದಿಯ ದಂಡೆಯ ಮೇಲೆ ಸಿಗುವ ಹಳೆಯ ಸಂಸ್ಥಾನದ ಊರು ಅದು. ಪಂತಸಚಿವರ ಮನೆತನದವರು ಆಳಿದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆ ಈಗಲೂ ಇದೆ. ಸಿನಿಮಾದವರ ಕೃಪೆಯಿಂದ ಅದನ್ನು ನೋಡದವರೂ ನೋಡಿದ್ದಾರೆ.

ಈ ಸಂಚಿಕೆಯಲ್ಲಿ ಅರಮನೆಯ ಮಾತಲ್ಲ, ಅಲ್ಲಿಂದ ಮುಂದೆ ಇರುವ ರಾಯರೇಶ್ವರದ ಗುಡ್ಡದ ಮಾತು. ಪುಣೆ, ಪಿಂಪ್ರಿ, ಚಿಂಚವಾಡಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಒಂದು ದಿನದಲ್ಲಿ ಹೋಗಿ ಬರಬಹುದಾದ ಎತ್ತರದ ಜಾಗ. ನಾಲ್ಕು ಸಾವಿರ ಅಡಿಗೂ ಮೇಲಿನ ಈ ಮಾಳದ ಮೇಲೆ ನಿಂತರೆ ಎದುರಿಗೆ ಕೇಂಜಳಗಡ, ಉತ್ತರಕ್ಕೆ ರಾಜಗಡ ಮತ್ತು ತೋರಣಾ, ದಕ್ಷಿಣಕ್ಕೆ ವಾಯಿಯ ಕಡೆಯ ಕಣಿವೆ, ಅದರಾಚೆ ಮಹಾಬಳೇಶ್ವರದ ಬೆಟ್ಟಗಳು. ಶಿವಾಜಿ ಮಹಾರಾಜರು ಹದಿಹರೆಯದಲ್ಲಿ, 1645ರಲ್ಲಿ, ಗೆಳೆಯರೊಡನೆ ಸ್ವರಾಜ್ಯದ ಶಪಥ ಮಾಡಿದ್ದು ಇಲ್ಲಿಯ ಶಿವಾಲಯದಲ್ಲಿ ಎಂಬುದು ಪರಂಪರೆಯಿಂದ ಬಂದ ಮಾತು.

ಹೋಗುವ ಮುನ್ನ ಕಾಲಿನ ಕೆಳಗಿನ ಕಲ್ಲನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ದಾರಿ ಹೇಗಿದೆ ಎಂಬುದಕ್ಕೂ ಅದೇ ಕಾರಣ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಈ ಭಾಗದಲ್ಲಿ ನೆಲ ಬಿರಿದು, ಕರಗಿದ ಕಲ್ಲು ಹೊಳೆಯಾಗಿ ಹರಿಯಿತು. ಚಿತ್ರಗಳಲ್ಲಿ ಕಾಣುವ ಹಾಗೆ ಶಂಕುವಿನಾಕಾರದ ಒಂದೇ ಜ್ವಾಲಾಮುಖಿಯಲ್ಲ; ಉದ್ದುದ್ದ ಬಿರುಕುಗಳಿಂದ ಉಕ್ಕಿ, ದೋಸೆಯ ಹಿಟ್ಟಿನಂತೆ ಹರಡಿ, ಆರಿ, ಅದರ ಮೇಲೆ ಮತ್ತೊಂದು ಪದರ ಬಂದು ಕುಳಿತಿತು. ಇಂದು ಉಳಿದಿರುವಷ್ಟೇ ಐದು ಲಕ್ಷ ಚದರ ಕಿಲೋಮೀಟರಿನಷ್ಟಿದೆ. ಮಳೆ ಗಾಳಿಗಳು ಅದನ್ನು ಕೊರೆದಾಗ ಗಟ್ಟಿ ಪದರ ನೆಟ್ಟಗೆ ನಿಂತಿತು, ಮೆತ್ತನೆಯದು ಇಳಿಜಾರಾಯಿತು. ಆದುದರಿಂದಲೇ ಸಹ್ಯಾದ್ರಿಯ ಈ ಗುಡ್ಡಗಳು ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಭೂವಿಜ್ಞಾನಿಗಳು ಈ ಕಲ್ಲಿಗೆ ಬಳಸುವ ‘ಟ್ರ್ಯಾಪ್’ ಎಂಬ ಹೆಸರು ಕೂಡ ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲು ಎಂಬ ಅರ್ಥದ ಪದದಿಂದ ಬಂದುದು.

ಇನ್ನೊಂದು ವಿಚಿತ್ರ ನೋಡಿ. ಆ ಕಾಲದಲ್ಲಿ ನಮ್ಮ ದೇಶ ಏಷ್ಯಾ ಖಂಡಕ್ಕೆ ಅಂಟಿಕೊಂಡಿರಲಿಲ್ಲ. ಮಡಗಾಸ್ಕರಿನಿಂದ ಬೇರೆಯಾಗಿ, ನಾಲ್ಕೂ ಕಡೆ ಸಮುದ್ರವಿದ್ದು, ಉತ್ತರಕ್ಕೆ ತೇಲುತ್ತಿದ್ದ ದೊಡ್ಡ ದ್ವೀಪವಾಗಿತ್ತು. ಹಾಗೆ ಬೇರೆಯಾಗುವಾಗ, ಅಂದರೆ ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಉಕ್ಕಿದ ಕಲ್ಲನ್ನು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬ ಕಂಬವಾಗಿ ನೋಡಬಹುದು. ಉಡುಪಿಯ ಕಡೆಯವರು ಅದನ್ನು ನೋಡಿಯೇ ಇರುತ್ತೀರಿ. ಇತ್ತ ದಖ್ಖನಿನ ಕಲ್ಲನ್ನು ಕಾಯಿಸಿ ಉಕ್ಕಿಸಿದ ನೆಲದೊಳಗಿನ ಬಿಸಿ ಈಗ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕೆಳಗಿದೆ ಎಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಅಲ್ಲಿಯ ಜ್ವಾಲಾಮುಖಿ ಇಂದಿಗೂ ಉರಿಯುತ್ತದೆ. ಜನ ಅದನ್ನು ನೋಡಲು ಬೆಳಗಿನ ಜಾವವೇ ಹೊರಡುತ್ತಾರೆ. ಹೊತ್ತೇರಿದಂತೆ ಮೋಡ ಕವಿದು ನೋಟ ಮುಚ್ಚುತ್ತದೆ. ಆ ಬೆಂಕಿಯ ದ್ವೀಪಕ್ಕೂ ಆರಿ ತಣ್ಣಗಾದ ನಮ್ಮ ಗುಡ್ಡಕ್ಕೂ ಒಂದೇ ನಿಯಮ: ನೋಟ ಬೇಕೆಂದರೆ ಋತುವನ್ನೂ ವೇಳೆಯನ್ನೂ ಆರಿಸಿಕೊಳ್ಳಬೇಕು.

ಋತುವಿನ ಮಾತು ಮೊದಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಭೋರಿನ ಪಶ್ಚಿಮದ ಗುಡ್ಡಗಳಲ್ಲಿ ಮಳೆ ಜಡಿಯುತ್ತದೆ. ಹಸಿರು ಚೆಂದ, ಝರಿ ಚೆಂದ, ಆದರೆ ಪಾಚಿ ಹಿಡಿದ ಕರಿಕಲ್ಲಿನ ಮೇಲೆ ಕಾಲು ನಿಲ್ಲದು, ಮಂಜಿನಲ್ಲಿ ಪಕ್ಕದವರ ಮುಖವೂ ಕಾಣದು. ಮಾರ್ಚ್ ಕಳೆದ ಮೇಲೆ ಬಿಸಿಲು, ದೂಳು, ನೀರಿನ ಅಭಾವ. ಮಕ್ಕಳು ಮರಿ ಕರೆದುಕೊಂಡು ಹೋಗುವವರಿಗೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಸರಿ. ಹೂವಿನ ಆಸೆಯಿದ್ದವರು ಮಳೆ ಹಿಂದೆಗೆಯುತ್ತಲೇ ಒಂದು ಒಣದಿನ ನೋಡಿ ಹೋಗಬಹುದು.

ಇನ್ನು ವೇಳೆಯ ಲೆಕ್ಕ. ಸಾಮಾನ್ಯವಾಗಿ ನಾವು ‘ಎಷ್ಟು ಗಂಟೆಗೆ ಹೊರಡೋಣ’ ಎಂದು ಆರಂಭಿಸುತ್ತೇವೆ. ಒಬ್ಬರು ಆರು ಎನ್ನುತ್ತಾರೆ, ಹೊರಡುವುದು ಎಂಟಕ್ಕೆ, ಉಳಿದುದೆಲ್ಲ ದೇವರ ಚಿತ್ತ. ಗುಡ್ಡದ ಲೆಕ್ಕ ಹಾಗಲ್ಲ. ಅದನ್ನು ಸಂಜೆಯಿಂದ ಹಿಂದಕ್ಕೆ ಬರೆಯಬೇಕು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಹತ್ತಿರ ಹತ್ತಿರ ಆರಕ್ಕೆ. ಕೋರ್ಲೆಯ ಘಾಟಿನ ತಿರುವುಗಳನ್ನು ಬೆಳಕಿನಲ್ಲೇ ದಾಟಿ ಭೋರು ಸೇರಬೇಕಾದರೆ ನಾಲ್ಕೂವರೆಗೆ ವಾಹನದಲ್ಲಿರಬೇಕು. ನಿಧಾನದ ಕಾಲಿನವರಿಗೆ ಇಳಿಯಲು ಒಂದೂವರೆ ತಾಸು. ಕಳೆದುಹೋದ ಚಪ್ಪಲಿ, ಉಳುಕಿದ ಕಾಲು ಇತ್ಯಾದಿಗಳಿಗೆ ಅರ್ಧ ತಾಸು. ಅಂದಮೇಲೆ ಎರಡೂವರೆಗೆ ಮೇಲಿನಿಂದ ಹೊರಡತಕ್ಕದ್ದು. ಊಟ, ದರ್ಶನ, ನೋಟಗಳಿಗೆ ಮೂರು ತಾಸು. ಹತ್ತಲು ಒಂದೂವರೆ ತಾಸು. ಹೀಗೆ ಹಿಂದೆ ಹಿಂದೆ ಹೋದರೆ, ಬೆಳಗಿನ ಹತ್ತಕ್ಕೆ ಏರು ಆರಂಭ, ಎಂಟೂವರೆಗೆ ಭೋರಿನಲ್ಲಿ ಚಹಾ ಮುಗಿದಿರಬೇಕು, ಆರೂವರೆಗೆ ಪುಣೆ ಬಿಟ್ಟಿರಬೇಕು ಎಂದು ಉತ್ತರ ಬರುತ್ತದೆ. ಎಂಟಕ್ಕೆ ಹೊರಟರೆ ಏನು ಹೋಗುತ್ತದೆ ಎಂಬುದೂ ಈ ಲೆಕ್ಕದಲ್ಲೇ ಕಾಣುತ್ತದೆ: ಮೇಲಿನ ಮೂರು ತಾಸುಗಳಲ್ಲಿ ಒಂದೂವರೆ.

ಇಲ್ಲಿ ‘ನಿಧಾನದ ಕಾಲಿನವರು’ ಎಂದುದನ್ನು ಗಮನಿಸಬೇಕು. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಹೇಳಿದ: ಮೂರು ಮೈಲಿಗೆ ಒಂದು ತಾಸು, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ತಾಸು. ಪಳಗಿದ ಗಂಡಾಳಿಗೆ ಅದು ಸರಿ. ಆರು ವರ್ಷದ ಕೂಸು, ಅರವತ್ತೈದರ ಅಜ್ಜಿ, ಸೀರೆಯ ನೆರಿಗೆ, ಊಟದ ಡಬ್ಬಿ ಇವೆಲ್ಲ ಆ ಸೂತ್ರದಲ್ಲಿ ಇಲ್ಲ. ಕುಟುಂಬಕ್ಕಾದರೆ ಬಂದ ಉತ್ತರವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಎಲ್ಲರಿಗಿಂತ ಹಿಂದೆ ಬರುವವರನ್ನು ಎಲ್ಲರಿಗಿಂತ ಮುಂದೆ ಬಿಡಬೇಕು. ತರುಣರು ಮುಂದೆ ಓಡಿ, ನೆರಳಲ್ಲಿ ಕುಳಿತು, ಹಿರಿಯರು ಏದುಸಿರು ಬಿಡುತ್ತ ಬಂದು ಮುಟ್ಟಿದೊಡನೆ ‘ನಡೆಯಿರಿ’ ಎಂದು ಏಳುತ್ತಾರೆ. ದಣಿದವರಿಗೆ ವಿಶ್ರಾಂತಿಯಿಲ್ಲ, ದಣಿಯದವರಿಗೆ ಬೇಕಾದಷ್ಟು. ಇದು ನ್ಯಾಯವಲ್ಲ.

ದಾರಿ ಹೀಗೆ. ಭೋರಿನಿಂದ ಆಂಬವಡೆಯ ಮೇಲೆ ಕೋರ್ಲೆ ಎಂಬ ಹಳ್ಳಿ, ಸುಮಾರು 25 ಕಿಲೋಮೀಟರ್. ಅಲ್ಲಿಂದ ಘಾಟಿನ ರಸ್ತೆ ಕೇಂಜಳಗಡ ಮತ್ತು ರಾಯರೇಶ್ವರಗಳ ನಡುವಿನ ಕಣಿವೆಬಾಯಿಗೆ ಏರುತ್ತದೆ. ಕೋರ್ಲೆಗೆ ಸರಕಾರಿ ಬಸ್ಸು ಕಡಿಮೆ. ಬಸ್ಸಿನಲ್ಲೇ ಹೋಗುವವರು ಮರಳುವ ಬಸ್ಸಿನ ವೇಳೆಯನ್ನು ಭೋರಿನ ನಿಲ್ದಾಣದಲ್ಲಿ ಮೊದಲೇ ಕೇಳಿಕೊಂಡು ಅದರಂತೆ ಲೆಕ್ಕ ತಿದ್ದಿಕೊಳ್ಳಬೇಕು. ಕಣಿವೆಬಾಯಿಯಿಂದ ಮುಂದೆ ಕಾಲ್ನಡಿಗೆ. ಕೊನೆಯಲ್ಲಿ ನೆಟ್ಟನೆಯ ಕಲ್ಲಿಗೆ ಕಬ್ಬಿಣದ ಏಣಿ ಹಾಕಿದ್ದಾರೆ. ನಾನು ಹೇಳಿದ ಗಟ್ಟಿ ಪದರ ಅದೇ. ಏಣಿಯ ಮೇಲೆ ಅವಸರ ಕೂಡದು, ಎರಡೂ ಕೈ ಬಿಡುವಾಗಿರಬೇಕು, ಇಳಿಯುವಾಗ ಎದುರಿನವರಿಗೆ ದಾರಿ ಬಿಟ್ಟು ಇಳಿಯಬೇಕು. ತಲೆಗೆ ಎರಡು ಮೂರು ಲೀಟರ್ ನೀರು ಮನೆಯಿಂದಲೇ ಒಯ್ಯಬೇಕು. ಬುತ್ತಿಗೆ ಕಟಕು ರೊಟ್ಟಿ, ಶೇಂಗಾ ಚಟ್ನಿ, ಸಜ್ಜಿಗೆ ವಡೆ, ಬಾಳೆಹಣ್ಣು. ಕಲ್ಲಿನ ಸಂದುಗಳಲ್ಲಿ ಹೆಜ್ಜೇನು ಇರುವುದುಂಟು. ಹೊಗೆ, ಕೂಗಾಟ, ಸುಗಂಧದ್ರವ್ಯ ಮೂರೂ ಬೇಡ. ಮೊಬೈಲು ಎಲ್ಲ ಕಡೆಗೂ ಮಾತನಾಡದು. ಹೋಗುವ ಜಾಗ, ಮರಳುವ ವೇಳೆ ಎರಡನ್ನೂ ಮನೆಯಲ್ಲೊಬ್ಬರಿಗೆ ಬರೆದಿಟ್ಟು ಹೋಗುವುದು ಕ್ಷೇಮ.

ಮೇಲೆ ಮುಟ್ಟಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಊರಿದೆ, ಹೊಲವಿದೆ, ಮನೆಗಳಿವೆ. ತಲೆಮಾರುಗಳಿಂದ ದೇವರ ಪೂಜೆ ಮಾಡಿಕೊಂಡು ಬಂದ ಆ ಮನೆಗಳವರ ಅಡ್ಡಹೆಸರು ‘ಜಂಗಮ’. ಮಾತು ಮರಾಠಿ, ಹೆಸರು ಮಾತ್ರ ನಮ್ಮ ಕಿವಿಗೆ ನೆಂಟರ ಹೆಸರಿನಂತೆ ಕೇಳುತ್ತದೆ. ನಾವು ವರ್ಷಕ್ಕೊಮ್ಮೆ ಹತ್ತುವ ಏಣಿಯನ್ನು ಅವರು ಉಪ್ಪಿಗೂ ಎಣ್ಣೆಗೂ ಹತ್ತಿಳಿಯುತ್ತಾರೆ. 2022ರಲ್ಲಿ ಅವರಲ್ಲೊಂದು ಮನೆಯವರು ಟ್ರ್ಯಾಕ್ಟರನ್ನೇ ಬಿಚ್ಚಿ, ಬಿಡಿಭಾಗಗಳನ್ನು ಹೆಗಲ ಮೇಲೆ ಹೊತ್ತೊಯ್ದು, ಮೇಲೆ ಮತ್ತೆ ಜೋಡಿಸಿ ಹೊಲ ಉತ್ತರು. ಅಂಥವರ ಅಂಗಳದಲ್ಲಿ ನಾವು ಚಿಪ್ಸಿನ ಚೀಟಿ ಎಸೆದು ಬರಬಾರದು. ಮೇಲೆ ಬೇರೆ ಬೇರೆ ಬಣ್ಣದ ಮಣ್ಣು ಸಿಗುವ ಜಾಗವೂ ಇದೆ. ಅದನ್ನು ನೋಡಿ ಬರಬೇಕು, ಚೀಲಕ್ಕೆ ತುಂಬಿಕೊಳ್ಳಬಾರದು. ಊಟ ಚಹಾ ಬೇಕಾದರೆ ಆ ಮನೆಗಳಲ್ಲೇ ಕೇಳಿ, ಹಣ ಕೊಟ್ಟು ಉಣ್ಣುವುದು ಇಬ್ಬರಿಗೂ ಹಿತ.

ಈಗ ಮುಖ್ಯವಾದುದು. ಗುಡ್ಡದ ಅಂಚಿಗೆ ಮಕ್ಕಳನ್ನು ಕೈಹಿಡಿದು ಕರೆದೊಯ್ದು ಎರಡು ಕಡೆ ತೋರಿಸಿ. ಉತ್ತರಕ್ಕೆ ಸುರಿದ ಮಳೆ ನೀರಾ ನದಿಗೆ ಇಳಿಯುತ್ತದೆ. ನೀರಾ ಹೋಗಿ ನರಸಿಂಗಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿಗಳ ಸೀಮೆಗೆ ಬಂದು ಗಾಣಗಾಪುರದ ಮೆಟ್ಟಿಲು ತೊಳೆಯುತ್ತದೆ. ದಕ್ಷಿಣಕ್ಕೆ ಸುರಿದುದು ಧೋಮ್ ಜಲಾಶಯದ ಕೃಷ್ಣೆಗೆ. ಅದು ವಾಯಿ, ಕರಾಡ, ಸಾಂಗಲಿಗಳ ಮೇಲೆ ಬೆಳಗಾವಿ ಜಿಲ್ಲೆ ಹೊಕ್ಕು, ಆಲಮಟ್ಟಿಯಲ್ಲಿ ನಿಂತು, ಕೂಡಲಸಂಗಮಕ್ಕೆ ಹಿನ್ನೀರಾಗಿ ಹರಡುತ್ತದೆ. ಒಂದೇ ಗುಡ್ಡದ ಬೆನ್ನಿನ ಮೇಲೆ ಬೇರೆಯಾದ ಈ ಎರಡು ನೀರು ನೂರಾರು ಮೈಲಿ ಸುತ್ತಿ, ರಾಯಚೂರಿನ ಸಮೀಪ ಮತ್ತೆ ಒಂದಾಗುತ್ತವೆ. ಕಲ್ಲಿನ ಕಥೆಯೂ ಹಾಗೆಯೇ. ಇಲ್ಲಿಯ ಕರಿಕಲ್ಲೇ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕೆಳಗೂ ಹಬ್ಬಿದೆ. ಅದು ಪುಡಿಯಾಗಿ ನಮ್ಮ ಜೋಳದ ಎರೆಮಣ್ಣಾಯಿತು. ಕಲ್ಲಾಗಿ ಉಳಿದು ಗೋಳಗುಮ್ಮಟಕ್ಕೆ ಗೋಡೆಯಾಯಿತು.

ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ‘ನಮ್ಮೂರು’ ಎಂದರೆ ಬೇಸಗೆಯ ರೈಲು, ಸೆಕೆ, ಅಜ್ಜಿಯ ಮನೆಯ ಹಪ್ಪಳ. ಹತ್ತು ಸಲ ಬಾಯಿಪಾಠ ಮಾಡಿಸಿದರೂ ತಲೆಗೆ ಹೋಗದ ಭೂಗೋಳ ಅಂಚಿನಲ್ಲಿ ನಿಂತ ಹತ್ತು ನಿಮಿಷದಲ್ಲಿ ಹೋಗುತ್ತದೆ. ಆದರೆ ಅದನ್ನು ಹೇಳಬೇಕಾದವರು ಯಾರು? ಭೀಮೆಯ ದಂಡೆಯಲ್ಲಿ ಬಟ್ಟೆ ಒಗೆದವರು, ಕೃಷ್ಣೆಯಲ್ಲಿ ಈಜು ಕಲಿತವರು. ಅವರೇ ‘ನೀವೆಲ್ಲಾ ಹೋಗಿ ಬರ್ರೆಪಾ, ನಾ ಮನಿ ಕಾಯ್ತೀನಿ’ ಎಂದು ಹಿಂದೆ ಉಳಿಯುತ್ತಾರೆ. ನಾವೂ ಒಂದು ಮಾತು ಉಪಚಾರಕ್ಕೆ ಕರೆದು, ಒಳಗೊಳಗೆ ಹಗುರಾಗಿ, ಹೊರಟುಬಿಡುತ್ತೇವೆ. ನಮ್ಮ ಲೆಕ್ಕ ತರುಣರ ಕಾಲಿಗೆ ಹೊಂದಿಸಿದ್ದಾದ್ದರಿಂದ ಅವರಿಗೆ ಅದರಲ್ಲಿ ಸ್ಥಳವಿರುವುದಿಲ್ಲ.

ಅದಕ್ಕೇ ಎರಡು ತಂಡದ ಯೋಜನೆ ಮಾಡಬೇಕು. ಏಣಿ ಹತ್ತಬಲ್ಲ ಹಿರಿಯರಿಗೆ ಮೇಲೆ ಬರಲು ಸಾಕಷ್ಟು ವೇಳೆ. ಮೊಣಕಾಲು ಕೇಳದವರು ವಾಹನದಲ್ಲಿ ಕಣಿವೆಬಾಯಿಯವರೆಗೆ ಬರಬಹುದು. ಚಾಪೆ, ನೀರು, ನೆರಳಿಗೆ ಕೊಡೆ, ಜೊತೆಗೆ ಒಬ್ಬರು. ಅಷ್ಟು ಎತ್ತರದಿಂದಲೂ ನೋಟಕ್ಕೆ ಕೊರತೆಯಿಲ್ಲ. ಬೆಳಗ್ಗೆ ಮಕ್ಕಳು ಹತ್ತುವ ಮೊದಲು ಅಜ್ಜಿ ಅಲ್ಲಿಯೇ ನದಿಗಳ ದಿಕ್ಕು ತೋರಿಸಲಿ. ಮಕ್ಕಳು ಮೇಲೆ ಹೋಗಿ ಕಂಡುದನ್ನು ಇಳಿದು ಬಂದು ಅಜ್ಜಿಗೆ ಹೇಳಲಿ. ಜೊತೆಗೆ ಕೂಡುವವರ ಸರದಿಯನ್ನು ಗಂಡಸರೂ ಹಿಡಿಯತಕ್ಕದ್ದು. ಎಲ್ಲ ಪ್ರವಾಸದಲ್ಲೂ ಸೊಸೆಯೇ ಕೆಳಗೆ ಕೂಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಜನವರಿಯ ಒಂದು ಭಾನುವಾರಕ್ಕೆ ನಾಲ್ಕೈದು ಮನೆಯವರು ಕೂಡಿ ಒಂದು ಮಿನಿಬಸ್ಸು ಗೊತ್ತುಮಾಡಿದರೆ ಖರ್ಚೂ ಹಂಚಿಹೋಗುತ್ತದೆ. ಹೆಸರು ಬರೆದುಕೊಳ್ಳುವ ಕಾಗದದಲ್ಲಿ ಮನೆಯ ಹಿರಿಯರ ಹೆಸರನ್ನು ಮೊದಲು ಬರೆಯಿರಿ, ಉಳಿದವರದು ಆಮೇಲೆ. ಹೋಗಿ ಬಂದವರು ಮಕ್ಕಳ ಕೈಯಿಂದಲೇ ಎರಡು ನದಿಗಳ ನಕ್ಷೆ ಬರೆಯಿಸಿ ಪತ್ರಿಕೆಗೆ ಕಳಿಸಿದರೆ ಸಂತೋಷ.