ಪುಕ್ಕಟೆಯ ಪುಷ್ಪಕ ವಿಮಾನ

ನಾನು ಪುಕ್ಕಟೆಯಾಗಿ ವಿಮಾನದಲ್ಲಿ ಕಾಶಿಗೆ ಹೋದವಳು. ಹಾಗೆಂದು ಸುಮಾರು ಎರಡು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಹಿಳಾ ಸಮಾಜದ ಸಭೆಯಲ್ಲಿ ಹೇಳಿದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಹೇಳಿದೆ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಪಕ್ಕದಲ್ಲಿ ಕೂತ, ಹೆಸರೂ ಗೊತ್ತಿಲ್ಲದ ಹೆಂಗಸಿಗೂ ಹೇಳಿದೆ. 'ಒಂದು ಪೈಸೆ ಕೊಡಲಿಲ್ಲ ರೀ, ಎಲ್ಲ ಕಾರ್ಡಿನ ಪಾಯಿಂಟು' ಎನ್ನುವಾಗ ನನ್ನ ಮುಖದ ಮೇಲಿದ್ದ ಕಳೆ, ಬಂಗಾರದ ಬಳೆ ಮಾಡಿಸಿಕೊಂಡಾಗಲೂ ಇರಲಿಲ್ಲವೆಂದು ನಮ್ಮ ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ.

ಆ ಮಾತು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ, ಲೆಕ್ಕ ಹಾಕದೆ ಹೇಳಿದ ಸುಳ್ಳು. ಇಂಥ ಸುಳ್ಳಿನಿಂದಲೇ ಹೆಚ್ಚು ಕೇಡು. ಹೇಳುವವಳಿಗೇ ಅದರ ಮೇಲೆ ನಂಬಿಕೆಯಿರುವುದರಿಂದ ಕೇಳುವವರೂ ನಂಬಿಬಿಡುತ್ತಾರೆ.

ನಮ್ಮ ಹೆಂಗಸರಿಗೆ ವ್ಯಾಪಾರ ಗೊತ್ತಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬಂದಳೆನ್ನಿ. ಆಕೆ ಮೂರು ಸೀರೆ, ಒಂದು ಪ್ಯಾಂಟಿಗೆ ಒಂದು ಡಬರಿ ಎನ್ನುತ್ತಾಳೆ. ನಾವು ಎರಡು ಸೀರೆಗೆ ಡಬರಿ, ಮೇಲೊಂದು ಸೌಟು ಎನ್ನುತ್ತೇವೆ. ಒಂದು ಗಂಟೆ ಜಗ್ಗಾಡಿ, ಕೊನೆಗೆ ಇಬ್ಬರೂ ಗೆದ್ದೆವೆಂದುಕೊಂಡು ಏಳುತ್ತೇವೆ. ಅಲ್ಲಿ ನಾವು ಮೋಸ ಹೋಗುವುದಿಲ್ಲ. ಯಾಕೆ ಹೇಳಿ? ಕೊಡುವ ಸೀರೆ ಕಣ್ಣೆದುರಿಗಿರುತ್ತದೆ, ಬರುವ ಡಬರಿಯೂ ಕಣ್ಣೆದುರಿಗಿರುತ್ತದೆ. ಕಾರ್ಡಿನ ವ್ಯಾಪಾರದಲ್ಲಿ ಹಾಗಲ್ಲ. ಬರುವ ಡಬರಿಯನ್ನು ಪಳಪಳ ಹೊಳೆಸಿ ತೋರಿಸುತ್ತಾರೆ. ಕೊಡುವ ಸೀರೆ ಎಲ್ಲಿದೆಯೆಂದೇ ನಮಗೆ ತಿಳಿಯುವುದಿಲ್ಲ.

ನನ್ನ ಸೀರೆಯ ಕಥೆ ಕೇಳಿ. ನನಗೆ ಕಾರ್ಡು ಕೊಟ್ಟ ಬ್ಯಾಂಕಿನ ಹುಡುಗ ಬಹಳ ವಿನಯವಂತ. ಸೇರಿದ ಕೂಡಲೇ 10,000 ಪಾಯಿಂಟು, ಮೊದಲ ತೊಂಬತ್ತು ದಿನದಲ್ಲಿ ಒಂದೂವರೆ ಲಕ್ಷ ಖರ್ಚು ಮಾಡಿದರೆ ಇನ್ನೂ 10,000, ಜೊತೆಗೆ ಪ್ರತಿ ನೂರೈವತ್ತು ರೂಪಾಯಿಗೆ ಎರಡು ಪಾಯಿಂಟು ಎಂದ. ಹತ್ತು ಸಾವಿರ ಎಂಬ ಶಬ್ದ ಕಿವಿಗೆ ಬಿದ್ದರೆ ಯಾರಿಗಾದರೂ ರೂಪಾಯಿಯೆಂದೇ ಭಾಸವಾಗುತ್ತದೆ. ಪಾಯಿಂಟಿಗೆ ಇಪ್ಪತ್ತೈದು ಪೈಸೆ ಎಂಬುದು ಆಮೇಲೆ ಗೊತ್ತಾಯಿತು.

ಆ ಮೂರು ತಿಂಗಳು ನಾನು ದಿನಸಿ, ಔಷಧಿ, ವಿಮೆಯ ಕಂತು, ಮನೆಗೆ ಬೇಕೇಬೇಕಾಗಿದ್ದ ಫ್ರಿಜ್ಜು ಎಲ್ಲವನ್ನೂ ಕಾರ್ಡಿನಲ್ಲೇ ಕೊಂಡೆ. ತೊಂಬತ್ತು ದಿನ ಮುಗಿಯಲು ನಾಲ್ಕು ದಿನವಿರುವಾಗ ಗಡಿಗೆ ಎಂಟು ಸಾವಿರ ಕಡಿಮೆ ಬಿತ್ತು. ಅಷ್ಟು ದೂರ ಬಂದು ಬಿಡುವುದುಂಟೆ? ಹೋಗಿ ಎಂಟು ಸಾವಿರದ ಒಂದು ರೇಷ್ಮೆ ಸೀರೆ ತಂದೆ. ಅದರ ಬಣ್ಣ ಅಂಗಡಿಯಲ್ಲೇ ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಬೀರುವಿನಲ್ಲಿ ಇವತ್ತಿಗೂ ಮಡಿಕೆ ಬಿಚ್ಚದೆ ಕೂತಿದೆ.

ಈಗ ಲೆಕ್ಕಕ್ಕೆ ಬನ್ನಿ. ಎಲ್ಲ ಸೇರಿ ನನಗೆ ಬಂದದ್ದು 22,000 ಪಾಯಿಂಟು, ಅಂದರೆ 5,500 ರೂಪಾಯಿ. ಬೆಂಗಳೂರಿನಿಂದ ವಾರಾಣಸಿಗೆ ನನ್ನೊಬ್ಬಳ, ಅದೂ ಹೋಗುವ ದಾರಿಯ ಟಿಕೆಟಿಗೆ ಅದು ಸರಿಹೋಯಿತು. ಬರುವ ಟಿಕೆಟಿಗೂ ಯಜಮಾನರ ಎರಡೂ ಟಿಕೆಟಿಗೂ ಕೈಯಿಂದ ದುಡ್ಡು ಕೊಟ್ಟೆವು. ಆ ಭಾಗವನ್ನು ನಾನು ಯಾವ ಸಭೆಯಲ್ಲೂ ಹೇಳಲಿಲ್ಲ. ಇನ್ನು ನಾನು ಕೊಟ್ಟದ್ದು: ಕಾರ್ಡಿನ ವಾರ್ಷಿಕ ಶುಲ್ಕ 2,500, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 450. ಪಾಯಿಂಟನ್ನು ಬಳಸಿದ್ದಕ್ಕೂ ಒಂದು ಶುಲ್ಕ, ತೆರಿಗೆ ಸೇರಿ 117. ಬೇಡದ ಸೀರೆಗೆ 8,000. ಒಟ್ಟು 11,067. ಸೇರಿದ ಕೂಡಲೇ ಕೊಟ್ಟ 10,000 ಪಾಯಿಂಟಿನ ಬೆಲೆ 2,500 ತಾನೆ? ನನ್ನಿಂದ 2,950 ಇಸಿದುಕೊಂಡು ನನಗೇ 2,500 ಉಡುಗೊರೆ ಕೊಟ್ಟಿದ್ದರು! ನಮ್ಮ ಮನೆಯ ಬಾಳೆಗೊನೆ ಕಡಿದು ನಮಗೇ ಒಂದು ಚಿಪ್ಪು ದಾನ ಮಾಡಿದ ಹಾಗೆ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ಪೆದ್ದುತನ ನನ್ನ ಬೀರುವಿನಲ್ಲೇ ಇರುತ್ತಿತ್ತು. ಆದರೆ ನನ್ನ ತಂಗಿಯ ಮಗಳು ನನ್ನ ಮಾತನ್ನು ನಂಬಿದಳು.

ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಬರುವ ಸಂಬಳ ಸಣ್ಣದು. ಗಂಡ ಮಕ್ಕಳೊಂದಿಗೆ ಒಮ್ಮೆ ವಿಮಾನ ಹತ್ತಬೇಕೆಂಬ ಆಸೆ. ಅದೇನು ದೊಡ್ಡ ಆಸೆಯೆ? ನನ್ನ ಕಥೆ ಕೇಳಿ ಆಕೆಯೂ ಕಾರ್ಡು ತೆಗೆದುಕೊಂಡಳು. ಬೋನಸ್ಸಿಗಾಗಿ ಖರ್ಚು ಮಾಡಿದಳು, ನಡುವೆ ಮಗುವಿಗೆ ಕಾಯಿಲೆಯಾಯಿತು, ಅರುವತ್ತು ಸಾವಿರದ ಬಿಲ್ಲು ಪೂರ್ತಿ ಕಟ್ಟಲಾಗಲಿಲ್ಲ. ಬಿಲ್ಲಿನಲ್ಲಿ ಇನ್ನೊಂದು ಅಂಕಿ ಇತ್ತಲ್ಲ, ಕನಿಷ್ಠ ಮೊತ್ತ, ಮೂರು ಸಾವಿರ. ತಿಂಗಳು ತಿಂಗಳು ಅಷ್ಟನ್ನೇ ಕಟ್ಟುತ್ತ ಹೋದಳು. ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು.

"ದೊಡ್ಡಮ್ಮ, 42,000 ಕಟ್ಟಿದೀನಿ. ಆದ್ರೂ ಇನ್ನೂ ಐವತ್ತು ಸಾವಿರದ ಮೇಲೆ ತೋರಿಸ್ತಿದೆ. ಆ ಕಾರ್ಡನ್ನ ಆಮೇಲೆ ಮುಟ್ಟೇ ಇಲ್ಲ. ಎಲ್ಲೋ ತಪ್ಪಾಗಿರ್ಬೇಕಲ್ವಾ?"

ಇಬ್ಬರೂ ಅಡಿಗೆಮನೆಯ ನೆಲದ ಮೇಲೆ ಕಾಗದ ಹರಡಿಕೊಂಡು ಕೂತೆವು. ತಪ್ಪೇನೂ ಆಗಿರಲಿಲ್ಲ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ವರ್ಷಕ್ಕೆ ನಲವತ್ತೆರಡು. ಮೊದಲ ತಿಂಗಳ ಬಡ್ಡಿ 2,100, ಬಡ್ಡಿಯ ಮೇಲೆ ತೆರಿಗೆ 378. ಕಟ್ಟಿದ ಮೂರು ಸಾವಿರದಲ್ಲಿ ಅಸಲಿಗೆ ಹೋದದ್ದು 522 ರೂಪಾಯಿ ಮಾತ್ರ. ಆ ಅರುವತ್ತು ಸಾವಿರ ಖರ್ಚು ಮಾಡಿದ್ದಕ್ಕೆ ಬಂದ ಮಾಮೂಲಿ ಪಾಯಿಂಟಿನ ಬೆಲೆ ಎಷ್ಟು ಗೊತ್ತೆ? 200 ರೂಪಾಯಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹುಡುಕಿದೆವು, ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಪಾಯಿಂಟಿನ ಸಂಖ್ಯೆ ಮಾತ್ರ ಬಣ್ಣದ ಚೌಕದಲ್ಲಿ ದಪ್ಪಗೆ ಕೂತಿತ್ತು.

ಮರುದಿನ ನನ್ನ ಎರಡು ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟೆ. ಬಂಗಾರದ ಸಾಲದ ಬಡ್ಡಿ ಆ ಕಾರ್ಡಿನ ಬಡ್ಡಿಯ ಕಾಲು ಭಾಗದಷ್ಟಿತ್ತು. ಕಾರ್ಡಿನ ಬಾಕಿ ತೀರಿಸಿ, ಅದನ್ನು ಮುಚ್ಚಿಸಿದೆವು. ನೀವೂ ತಿಳಿದಿರಿ: ಬಾಕಿ ಪೂರ್ತಿ ಕಟ್ಟಿ ಕಾರ್ಡು ಮುಚ್ಚಲು ಕೇಳಿದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡಮಾಡಿದರೆ ಗಿರಾಕಿಗೆ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆದೇಶ ಮಾಡಿತು. 'ಮುಚ್ಚಬೇಡಿ ಮೇಡಂ, ಪಾಯಿಂಟು ಹೋಗುತ್ತದೆ' ಎಂದು ಫೋನಿನಲ್ಲಿ ಹೇಳುವವರ ಮಾತಿಗೆ ಕರಗಬೇಡಿ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡತೊಡಗಿತು. ಪಾಯಿಂಟಿನಿಂದ ನಿಜವಾಗಿ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಆ ಲಾಭದ ದುಡ್ಡು ಎಲ್ಲಿಂದ ಬರುತ್ತದೆ? 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಶುರುವಾದಾಗ ಅದು ಹೋಟೆಲಿನಲ್ಲಿ ಉಂಡು ಆಮೇಲೆ ದುಡ್ಡು ಕೊಡುವ ಅನುಕೂಲವಷ್ಟೇ ಆಗಿತ್ತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಹಾರಿದ ಮೈಲಿಗಳಿಗೆ ಬಹುಮಾನ ಕೊಡುವ ಪದ್ಧತಿ ತಂದಿತು. ಕೆಲವೇ ವರ್ಷಗಳಲ್ಲಿ ಇವೆರಡೂ ಕೂಡಿಕೊಂಡು, ನೆಲದ ಮೇಲೆ ನಿಂತು ಸಾಬೂನು ಕೊಂಡವರಿಗೂ ಮೈಲಿ ಸಿಗುವಂತಾಯಿತು. ಬ್ಯಾಂಕು ಇದನ್ನು ತನ್ನ ಜೇಬಿನಿಂದ ಕೊಡುವುದಿಲ್ಲ. ಕಾರ್ಡು ಉಜ್ಜಿದಾಗ ಅಂಗಡಿಯವರಿಂದ ನೂರಕ್ಕೆ ಸುಮಾರು ಎರಡು ರೂಪಾಯಿ ಕತ್ತರಿಸಿಕೊಳ್ಳುತ್ತದೆ. ಬೆಳ್ಳಿ ಬಂಗಾರದ ಅಂಗಡಿಯವರು 'ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ ಅಮ್ಮ' ಎನ್ನುವುದು ಇದಕ್ಕೇ. ಉಳಿದವರು ಬಾಯಿಬಿಟ್ಟು ಹೇಳದೆ ಬೆಲೆಯಲ್ಲೇ ಸೇರಿಸಿಕೊಳ್ಳುತ್ತಾರೆ. ಆ ಬೆಲೆಯನ್ನು ನೋಟು ಕೊಟ್ಟು ಸಾಬೂನು ಕೊಳ್ಳುವ ಹೂ ಮಾರುವಾಕೆಯೂ ತೆರುತ್ತಾಳೆ. ಆಕೆಗೆ ಪಾಯಿಂಟಿಲ್ಲ.

ಅಮೆರಿಕದ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಅವರ ಪ್ರಕಾರ ಆ ದೇಶದಲ್ಲಿ ನಗದು ಬಳಸುವ ಒಂದು ಕುಟುಂಬ ಸರಾಸರಿ ವರ್ಷಕ್ಕೆ 149 ಡಾಲರನ್ನು ಕಾರ್ಡು ಬಳಸುವವರಿಗೆ ತನಗೇ ತಿಳಿಯದೆ ಕೊಡುತ್ತದೆ. ಕಾರ್ಡಿನ ಕುಟುಂಬಕ್ಕೆ ಹೀಗೆ ಬರುವುದು 1,133 ಡಾಲರು. ಇದರ ಮೇಲೆ ನನ್ನ ತಂಗಿಯ ಮಗಳಂಥವರು ಕಟ್ಟುವ ಬಡ್ಡಿಯಿದೆ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತಂತೆ. ಈ ವಿಮಾನ ಹಾಗಲ್ಲ. ಇದರಲ್ಲಿ ಒಬ್ಬರು ಕೂರಬೇಕಾದರೆ ಹಲವರು ನೆಲದ ಮೇಲೆ ನಿಂತು ನೂಕಬೇಕು.

'ಅದು ಅವರವರ ಜಾಣತನ' ಎಂದು ನನ್ನ ಗೆಳತಿಯೊಬ್ಬಳು ವಾದ ಮಾಡಿದಳು. ಜಾಣರಿದ್ದಾರೆ, ಒಪ್ಪಿದೆ. ಅಮೆರಿಕದ ಸರ್ಕಾರಿ ಟಂಕಸಾಲೆ ಒಂದು ಡಾಲರಿನ ನಾಣ್ಯಗಳನ್ನು ಅಂಚೆ ಖರ್ಚಿಲ್ಲದೆ ಮನೆಗೆ ಕಳಿಸುತ್ತಿತ್ತು. ಕೆಲವರು ಕಾರ್ಡಿನಲ್ಲಿ ಅವನ್ನು ಸಾವಿರಗಟ್ಟಲೆ ತರಿಸಿ, ಅದೇ ನಾಣ್ಯ ಬ್ಯಾಂಕಿಗೆ ಕಟ್ಟಿ ಬಿಲ್ಲು ತೀರಿಸಿ, ಮೈಲಿಗಳನ್ನು ಮಾತ್ರ ಉಳಿಸಿಕೊಂಡರು. 2011ರಲ್ಲಿ ಟಂಕಸಾಲೆ ಆ ನಾಣ್ಯಗಳಿಗೆ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಜಾಣರು ಕಂಡುಕೊಂಡ ಬಾಗಿಲು ಹೀಗೆ ಮುಚ್ಚುತ್ತದೆ. ನಮ್ಮಲ್ಲೂ ವಿಮಾನ ನಿಲ್ದಾಣದ ಲೌಂಜಿನಲ್ಲಿ ಎರಡು ರೂಪಾಯಿಗೆ ಇಡ್ಲಿ ವಡೆ ಕೊಡುತ್ತಿದ್ದ ಎಷ್ಟೋ ಕಾರ್ಡುಗಳು ಈಗ ಮೊದಲು ಇಷ್ಟು ಸಾವಿರ ಖರ್ಚು ಮಾಡಿ ಬನ್ನಿ ಎನ್ನುತ್ತಿವೆ. ಪಾಯಿಂಟು ನಮ್ಮದೆಂದುಕೊಳ್ಳುತ್ತೇವೆ, ಅದರ ಬೆಲೆ ನಿರ್ಧರಿಸುವವರು ಅವರು.

ಹಾಗಾದರೆ ಕಾರ್ಡೇ ಬೇಡವೆ? ನಾನು ಹಾಗೆನ್ನುವುದಿಲ್ಲ. ನನ್ನ ಲೆಕ್ಕದಲ್ಲೇ ಆ ಸೀರೆಯನ್ನು ಕಳೆದರೆ 3,067 ಕೊಟ್ಟು 5,500 ಪಡೆದಂತಾಗುತ್ತಿತ್ತು. 2,433 ರೂಪಾಯಿ ನಿಜವಾದ ಲಾಭ. ಅದನ್ನು ಪಡೆಯುವ ಗುಟ್ಟು ಯಾವ ಏಜೆಂಟನೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೇಗೂ ಕೊಳ್ಳಲೇಬೇಕಾದ್ದನ್ನು ಮಾತ್ರ ಕಾರ್ಡಿನಲ್ಲಿ ಕೊಳ್ಳಿ. ಗಡಿ ಮುಟ್ಟದಿದ್ದರೆ ಬೋನಸ್ಸು ಹೋಗಲಿ. ಬಿಲ್ಲಿನ ಪೂರ್ತಿ ಮೊತ್ತ ಗಡುವಿನೊಳಗೆ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿಸಿ. ಒಂದು ತಿಂಗಳು ಬಾಕಿ ಉಳಿದರೂ ಹೊಸದಾಗಿ ಕೊಂಡದ್ದಕ್ಕೆ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆ ಕಾರ್ಡಿನಲ್ಲಿ ಎಟಿಎಂನಿಂದ ನಗದು ಎಂದಿಗೂ ತೆಗೆಯಬೇಡಿ. ವಾರ್ಷಿಕ ಶುಲ್ಕವನ್ನು ದಿನಸಿ ಲೆಕ್ಕದ ಪುಸ್ತಕದಲ್ಲೇ ಬರೆಯಿರಿ. ಬಂದ ಪಾಯಿಂಟನ್ನು ಉಪ್ಪಿನಕಾಯಿಯ ಹಾಗೆ ಕೂಡಿಡಬೇಡಿ, ಅದು ಹಳೆಯದಾದಷ್ಟೂ ರುಚಿ ಕೆಡುತ್ತದೆ. ಇಷ್ಟು ಶಿಸ್ತು ಸಾಧ್ಯವಿಲ್ಲದ ಮನೆಗೆ ಕಾರ್ಡು ಬೇಡವೇ ಬೇಡ. ಸಾಧ್ಯವಿದ್ದರೂ ದಯವಿಟ್ಟು 'ಪುಕ್ಕಟೆ' ಎನ್ನಬೇಡಿ. ನಿಮ್ಮ ಪಕ್ಕದಲ್ಲಿ ಕೂತು ಕೇಳುವವಳ ಸಂಬಳ ಎಷ್ಟು, ಆಕೆಯ ಮನೆಯ ಕಷ್ಟವೇನು ಎಂಬುದು ನಿಮಗೆ ಗೊತ್ತಿರುವುದಿಲ್ಲ.

ಬಳೆ ಬಿಡಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಈಗ ಯಾರಾದರೂ ಕಾಶಿಯ ಸುದ್ದಿ ತೆಗೆದರೆ, ಹೋಗುವ ಟಿಕೆಟಿಗೆ 11,067 ರೂಪಾಯಿ ಆಯಿತು, ಅದೇ ಟಿಕೆಟು ಕಿಟಕಿಯಲ್ಲಿ 5,500ಕ್ಕೆ ಸಿಗುತ್ತಿತ್ತು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಪುಣ್ಯ ಬಂತೋ ಇಲ್ಲವೋ ತಿಳಿಯದು, ಲೆಕ್ಕವಾದರೂ ಈಗ ಸರಿಯಾಗಿದೆ.