ಕಥೆಗಾರ ಕಂಟ್ರೋಲ್ ಝಡ್ ಒತ್ತಬಹುದಾ?

ಮೊನ್ನೆ ನಮ್ಮ ಕನ್ನಡ ಬಳಗದವರು ಕ್ಯಾಂಟೀನಿನಲ್ಲಿ ಗಿರಮಿಟ್ಟು, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ವಿ. ಹಾವೇರಿಯವರು, ರಾಣೆಬೆನ್ನೂರು-ಬ್ಯಾಡಗಿಯಿಂದ ದಿನಾ ರೈಲಿಗೆ ಬಂದು ಹೋಗುವವರು ಎಲ್ಲರೂ ಇದ್ರು. ಜಗಳ ಹತ್ತಿದ್ದು ಮಾತ್ರ ಒಂದು ಅಮೆರಿಕನ್ ಕಾಮಿಕ್ ಸ್ಟ್ರಿಪ್ ಮೇಲೆ. ಹೆಸರು ‘ಫಂಕಿ ವಿಂಕರ್‌ಬೀನ್’.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀವಿ. ಟಾಮ್ ಬಟ್ಯುಕ್ ಎಂಬ ಚಿತ್ರಕಾರ 1972ರ ಮಾರ್ಚ್‌ನಲ್ಲಿ ಇದನ್ನು ಶುರು ಮಾಡಿದ. 2022ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ. ಐವತ್ತು ವರ್ಷ! ಮೊದಲು ಹೈಸ್ಕೂಲ್ ಹುಡುಗರ ತಮಾಷೆ ಅಷ್ಟೇ. ಬರ್ತಾ ಬರ್ತಾ ಪಾತ್ರಗಳಿಗೂ ನಮ್ಮಂತೆ ವಯಸ್ಸಾಯ್ತು, ಮದುವೆ ಆಯ್ತು, ರೋಗವೂ ಬಂತು. ಲೆಸ್ ಎಂಬ ಮೇಷ್ಟ್ರ ಹೆಂಡತಿ ಲೀಸಾ 2007ರ ಅಕ್ಟೋಬರ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಬೆಳಿಗ್ಗೆ ಪೇಪರ್ ತೆಗೆದವರು ನಗೋದಕ್ಕೆ ನೋಡುವ ಜಾಗದಲ್ಲಿ ಒಂದು ಸಾವನ್ನು ನೋಡಿದರು.

ಕೊನೇ ತಿಂಗಳಲ್ಲಿ ಏನಾಯ್ತು ಅಂದ್ರೆ, ಆ ಶಾಲೆಯಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದ ಜವಾನ ತಾನು ಭವಿಷ್ಯದಿಂದ ಬಂದವನು ಅಂತ ಲೀಸಾಳ ಮಗಳ ಮುಂದೆ ಬಾಯಿ ಬಿಟ್ಟ. ಅವಳು ಮುಂದೆ ಬರೆಯಲಿರುವ ಒಂದು ಪುಸ್ತಕ ಮನುಕುಲಕ್ಕೆ ಬಹಳ ಮುಖ್ಯವಂತೆ. ಅದಕ್ಕಾಗಿ ಕಾಲ ಹಳಿ ತಪ್ಪದಂತೆ ಕಾಯೋದು ಇವನ ಕೆಲಸವಂತೆ. ಓದುಗರಲ್ಲಿ ಬಹಳ ಮಂದಿ ಸಿಟ್ಟಾದರು, ಗೇಲಿಯನ್ನೂ ಮಾಡಿದರು.

ನಮ್ಮ ಟೇಬಲ್ಲಿನಲ್ಲೂ ಎರಡು ಪಾರ್ಟಿ ಆದವು. “ಕಥಿ ಅವಂದು, ಹೆಂಗರ ಮುಗಸ್ಲಿ, ನಿಮಗೇನ ತ್ರಾಸು?” ಅಂತ ಒಬ್ಬ. “ಹಂಗಾದ್ರ ಲೀಸಾ ಸಾಯೂವಾಗ ಈ ಪುಣ್ಯಾತ್ಮ ಕಸಬರಿಗಿ ಹಿಡಕೊಂಡು ಸುಮ್ಮ ನಿಂತಿದ್ನೇನು?” ಅಂತ ಇನ್ನೊಬ್ಬಳು. ಅಷ್ಟು ಕೇಳಿದ ಮೇಲೆ ಮೊದಲ ಪಾರ್ಟಿ ಸ್ವಲ್ಪ ತಣ್ಣಗಾಯ್ತು.

ನಮಗೂ ಅವಳ ಪ್ರಶ್ನೆಯೇ ಸರಿ ಅನ್ನಿಸ್ತದೆ. ಟೈಮ್ ಮಷೀನ್ ಅಂದ ಕೂಡಲೇ ಓದುಗರು ಸಿಟ್ಟಾಗೋದಿಲ್ಲ. ‘ಆಲಿ ಊಪ್’ ಎಂಬ ಸ್ಟ್ರಿಪ್‌ನಲ್ಲಿ 1939ರಲ್ಲೇ ಗುಹೆಮಾನವನೊಬ್ಬನನ್ನು ಟೈಮ್ ಮಷೀನ್ ಇಪ್ಪತ್ತನೇ ಶತಮಾನಕ್ಕೆ ಎಳೆದು ತಂದಿತು. ಜನ ಖುಷಿಯಿಂದ ಓದಿದರು. ಯಾಕಂದ್ರೆ ಅಲ್ಲಿ ಮಷೀನ್ ಓದುಗರ ಕಣ್ಣ ಮುಂದೆ ಇತ್ತು, ಅದರಿಂದ ಹೊಸ ಕಥೆ ಹುಟ್ಟಿತು. ಇಲ್ಲಿ ಆಗಿದ್ದು ಉಲ್ಟಾ. ಆಟ ಮುಗಿಯುವ ಹೊತ್ತಿಗೆ ಬಂದು, ‘ನೀವು ಇಷ್ಟು ವರ್ಷ ನೋಡಿದ್ದರ ಹಿಂದೆ ಒಬ್ಬ ಇದ್ದ’ ಅಂದಂಗಾಯ್ತು.

ಇದು ನಮಗೇಕೆ ತಟ್ಟಿತು ಗೊತ್ತಾ? ನಾವೆಲ್ಲರೂ ದಿನಕ್ಕೊಮ್ಮೆ ಮನಸ್ಸಿನಲ್ಲಿ ಟೈಮ್ ಮಷೀನ್ ಹತ್ತುವವರೇ. ಸಿಇಟಿ ಆಪ್ಷನ್ ಎಂಟ್ರಿ ದಿನಕ್ಕೆ ವಾಪಸ್ ಹೋಗಿ ಬ್ರಾಂಚ್ ಬದಲಿಸಬೇಕು ಅನ್ನದವರು ಈ ಕ್ಯಾಂಪಸ್ಸಿನಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಬ್ಯಾಡಗಿ ಕಡೆಯ ಗೆಳೆಯ ಹೇಳಿದ್ದು ಇನ್ನೂ ಭಾರವಾದದ್ದು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾದದ್ದು ನಮಗೆಲ್ಲ ನೆನಪಿದೆ. “ಬಿತ್ತೂ ಹೊತ್ತಿನ್ಯಾಗ ಆ ದರ ಗೊತ್ತಿದ್ರ ನಮ್ಮಪ್ಪ ಬ್ಯಾರೇನರ ಬಿತ್ತತಿದ್ದ” ಅಂದ. ಅಂಥವನ ಮುಂದೆ ಯಾರೋ ಬಂದು, ‘ನಾನು ಭವಿಷ್ಯದಿಂದ ಬಂದೀನಿ, ನಿಮ್ಮಪ್ಪನ ನಷ್ಟವೂ ಪ್ಲಾನಿನೊಳಗೇ ಇತ್ತು, ಚಿಂತಿ ಬ್ಯಾಡ’ ಅಂದರೆ ಹೇಗಿರ್ತದೆ? ಸಮಾಧಾನ ಅಲ್ಲ, ಅವಮಾನ. ಅನುಭವಿಸಿದವರ ಕಷ್ಟ ಅವರದೇ. ಅದರಿಂದ ಎದ್ದು ಬಂದರೆ ಆ ಹೆಸರೂ ಅವರದೇ ಆಗಬೇಕು.

ಹಾಗಾದರೆ ಕಾಮಿಕ್ಸ್‌ನಲ್ಲಿ ಕಾಲದ ಜೊತೆ ಆಡಲೇಬಾರದಾ? ಆಡಬಹುದು. ನಮ್ಮ ಅಪ್ಪ-ಅವ್ವನ ಕಾಲದಲ್ಲಿ ‘ಸುಧಾ’ ಬಂದರೆ ಮೊದಲು ತೆರೆಯುತ್ತಿದ್ದ ಪುಟ ಫ್ಯಾಂಟಮ್‌ನದು. ಲೀ ಫಾಕ್ 1936ರಲ್ಲಿ ಹುಟ್ಟುಹಾಕಿದ ಆ ಫ್ಯಾಂಟಮ್ ಇವತ್ತಿಗೂ ಇಂಗ್ಲಿಷಿನಲ್ಲಿ ಬರ್ತಾ ಇದೆ. 2021ರಲ್ಲಿ ಶುರುವಾದ ಅದರ ಒಂದು ದೊಡ್ಡ ಕಥೆಯಲ್ಲಿ ಮುದುಕ ಮಾಝ್ ಫ್ಯಾಂಟಮ್‌ಗೆ ಮುಂದಾಗುವುದನ್ನು ಹೇಳಿಬಿಡ್ತಾನೆ: ಜೈಲಿನಲ್ಲಿರುವ ಸವರ್ಣಾ ದೇವಿಯನ್ನು ಬಿಡಿಸಿದರೆ ನಿನ್ನ ಮನೆತನವೇ ಹಾಳಾಗ್ತದೆ ಅಂತ. ಗೊತ್ತಾದ ಮೇಲೂ ಏನು ಮಾಡಬೇಕು ಅನ್ನೋದು ಅವನ ಹೆಗಲಿಗೇ ಬಿತ್ತು. ಒಬ್ಬಳನ್ನು ಜೈಲಿನಲ್ಲೇ ಬಿಡೋದಾ, ಮನೆಯವರನ್ನು ಪಣಕ್ಕಿಡೋದಾ? ಇಲ್ಲಿ ಭವಿಷ್ಯ ತಿಳಿದದ್ದರಿಂದ ನಾಯಕನ ಭಾರ ಹೆಚ್ಚಾಯ್ತು. ಫಂಕಿಯಲ್ಲಿ ಎಲ್ಲರ ಭಾರವನ್ನೂ ಒಬ್ಬ ಜವಾನ ಹೊತ್ತುಕೊಂಡು ಹೋದ. ನಮ್ಮ ತಕರಾರು ಇಷ್ಟೇ.

ಕೋಡ್ ಬರೆಯುವಾಗ ಕಂಟ್ರೋಲ್ ಝಡ್ ಬೇಕು, ಖರೆ. ಆದರೆ ಐವತ್ತು ವರ್ಷ ಜೊತೆಗೆ ನಡೆದ ಓದುಗರ ನೆನಪಿನ ಮೇಲೆ ಅದನ್ನು ಒತ್ತಬಾರದು.

ಮುಂದಿನ ಸಂಚಿಕೆಯಿಂದ ನಮ್ಮ ಬಳಗದ್ದೇ ಒಂದು ಸ್ಟ್ರಿಪ್ ಶುರು ಮಾಡೋ ಯೋಚನೆ ಇದೆ. ಚಿತ್ರ ಬರೆಯುವವರು ಬರ್ರಿ. ಟೈಮ್ ಮಷೀನ್ ಬೇಕಾದರೂ ತರ್ರಿ, ಬ್ಯಾಡ ಅನ್ನೋದಿಲ್ಲ. ಮೊದಲನೇ ಚೌಕಟ್ಟಿನಲ್ಲೇ ಎಲ್ಲರಿಗೂ ಕಾಣೋ ಹಂಗೆ ನಿಲ್ಲಿಸ್ರಿ, ಅಷ್ಟೇ.