ನಿಜಾಮರ ತಲೆಯುಡುಗೆ ಹೊತ್ತ ಸ್ಪಿಟ್‌ಫೈರ್
ಕಾಳಗಿ, ಸೇಡಂ, ಚಿತ್ತಾಪುರದ ಕಡೆಯವರು ಯಾರಾದರೂ ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳ ಮಾದರಿ ಕಟ್ಟುವ ಹುಚ್ಚಿಗೆ ಬಿದ್ದರೆ, ಯಾವುದರಿಂದ ಶುರು ಮಾಡಲಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ರಿಟಿಷ್ ವಾಯುಪಡೆಯಲ್ಲಿ 152ನೇ ‘ಹೈದರಾಬಾದ್’ ಸ್ಕ್ವಾಡ್ರನ್ ಎಂದೇ ಒಂದಿತ್ತು. ಆಗ ಈ ಸೀಮೆಯನ್ನೂ ಆಳುತ್ತಿದ್ದ ನಿಜಾಮರು ಕೊಟ್ಟ ದೇಣಿಗೆಯಿಂದ ಬಂದ ಹೆಸರದು; ಲಾಂಛನದಲ್ಲಿರುವುದು ಅವರದೇ ತಲೆಯುಡುಗೆ. (ಆ ಖಜಾನೆ ತುಂಬಿದ್ದು ಯಾರ ಬೆವರಿನಿಂದ ಎಂಬುದನ್ನು ಯಾವ ಲಾಂಛನವೂ ಹೇಳುವುದಿಲ್ಲ.) 1940ರಲ್ಲಿ ಇಂಗ್ಲೆಂಡಿನ ವಾರ್ಮ್‌ವೆಲ್‌ನಿಂದ ಹಾರಿದ ಇದರ ಸ್ಪಿಟ್‌ಫೈರ್‌ಗಳ ಮೈಮೇಲೆ ‘ಯುಎಂ’ ಅಕ್ಷರಗಳು, ಮುಂದೆ ಬರ್ಮಾಕ್ಕೆ ಬಂದಾಗ ಪಕ್ಕೆಯಲ್ಲಿ ವಾಯುಪಡೆಯ ಗುರುತಾದ ಬಣ್ಣದ ವೃತ್ತದ ಮೇಲೆ ನೆಗೆಯುವ ಕರಿಚಿರತೆ. ಈ ಗುರುತುಗಳನ್ನು ಮಾದರಿಯ ಮೇಲೆ ಸರಿಯಾಗಿ ಮೂಡಿಸಲು ಪುಸ್ತಕ ಬೇಕಾಗುವುದು ಇಲ್ಲಿಯೇ. 1/72 ಅಳತೆಯಲ್ಲಿ ಸ್ಪಿಟ್‌ಫೈರಿನ ರೆಕ್ಕೆ ತುದಿಯಿಂದ ತುದಿಗೆ 15 ಸೆಂಟಿಮೀಟರ್ ಚಿಲ್ಲರೆ, ಅಂಗೈಯಗಲದ ಆಟಿಕೆ. ಅಷ್ಟರಲ್ಲೇ ಚಿರತೆಯ ಮುಂಗಾಲು ವೃತ್ತದ ಎಲ್ಲಿಗೆ ಬರಬೇಕೆಂದು ಕಿಟ್ಟಿನ ಡಬ್ಬಿ ಸರಿಯಾಗಿ ಹೇಳದಿದ್ದರೆ ವಾರಗಟ್ಟಲೆ ಕೆಲಸ ಕೆಟ್ಟಿತು. ಆಸ್ಪ್ರೆ ಪ್ರಕಾಶನದ ಬಣ್ಣದ ಪುಟಗಳು, ಸ್ಕ್ವಾಡ್ರನ್ ಸಿಗ್ನಲ್‌ನವರ ‘ಇನ್ ಆ್ಯಕ್ಷನ್’ ಮಾಲೆ, ಅರವತ್ತರ ದಶಕದ ತೆಳು ‘ಪ್ರೊಫೈಲ್’ ಪುಸ್ತಿಕೆಗಳು, ಎಲ್ಲವೂ ಕಪಾಟು ಸೇರುವುದು ಹೀಗೆಯೇ. ನನ್ನ ಮಟ್ಟಿಗೆ ಚಿತ್ರಕಾರ ಬಿಡಿಸಿದ ಬಣ್ಣದ ಪುಟಕ್ಕಿಂತ ಮಸುಕಾದ ಕಪ್ಪುಬಿಳುಪು ಫೋಟೊ ಮೇಲು. ಫೋಟೊದಲ್ಲಿ ಕಾಣದ ಇನ್ನೊಂದು ಮಗ್ಗುಲನ್ನು ಚಿತ್ರಕಾರನೂ ಎಷ್ಟೋ ಸಲ ಊಹೆಯಿಂದಲೇ ತುಂಬಿರುತ್ತಾನೆ. ಹೊಸ ಪುಸ್ತಕದ ಬೆಲೆ ಕೈ ಸುಡುತ್ತದೆ. ಸೇಡಂನಲ್ಲಿ ರೈಲು ಹತ್ತಿ ಭಾನುವಾರ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿ ಕೆದಕುವುದೇ ವಾಸಿ, ಚೌಕಾಸಿ ಮಾಡುವ ಬಾಯಿ ಇದ್ದರೆ.